ಕಡಲಿಗೂ ಜಗ್ಗದ ಹಿಲ್ಮಾರ್

ಹಿಲ್ಮಾರ್ ನನ್ನ ಅಂಗಡಿಗೆ ಬಂದು ವಾಂತಿ ತಡೆಯುವ ಮಾತ್ರೆ ಕೇಳಿದ ದಿನ ನಾನು ಅವನ ಮುಖದೆದುರೇ ನಕ್ಕುಬಿಟ್ಟೆ. ನಮ್ಮ ಸ್ಕಾರ್ವೊಯ್ ದ್ವೀಪದಲ್ಲಿ ಆ ಮಾತ್ರೆ ಖರ್ಚಾಗುವುದು ಬೇಸಿಗೆಯಲ್ಲಿ, ಓಸ್ಲೋ ಕಡೆಯಿಂದ ಬರುವ ಪ್ರವಾಸಿಗರಿಗೆ. ಚಳಿಗಾಲದಲ್ಲಿ ನಮ್ಮ ಪಾದ್ರಿಯೊಬ್ಬರನ್ನು ಬಿಟ್ಟರೆ ಅದನ್ನು ಕೇಳುವವರಿಲ್ಲ. ಹಿಲ್ಮಾರನೋ, ಮೀಸೆ ಮೂಡುವ ಮೊದಲೇ ಕಡಲಿಗೆ ಇಳಿದವನು, ಒಬ್ಬನೇ ದೋಣಿ ನಡೆಸಿ ಕಾಡ್ ಮೀನು ಹಿಡಿದು ಬದುಕಿದವನು. ಅವನು ಗಲ್ಲಾದ ಮುಂದೆ ನಿಂತು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು, ದನಿ ತಗ್ಗಿಸಿ ಅದನ್ನು ಕೇಳಿದರೆ ನಗದೆ ಇನ್ನೇನು ಮಾಡಲಿ?

“ಯಾರಿಗೋ ಇದು?” ಎಂದೆ.

“ನೆಂಟರು ಬರ್ತಾರೆ.”

“ನಿಂಗೆ ನೆಂಟರು! ನಿಮ್ಮನೆಗೆ ಕಾಫಿಗೆ ಅಂತ ಒಬ್ರು ಬಂದು ಎಷ್ಟು ಕಾಲ ಆಯ್ತೋ? ನಿಜ ಹೇಳು, ನಿಂಗೇ ತಾನೇ?”

ಹಿಲ್ಮಾರ್ ಉಸಿರನ್ನು ಸುರ್ರೆಂದು ಒಳಗೆಳೆದುಕೊಂಡ. ಅಂದರೆ ಹೌದು ಎಂದ. ನಮ್ಮ ಕಡೆ ಹೌದು ಅನ್ನುವುದೇ ಹಾಗೆ. ಬಾಯಿ ತೆರೆದು ಗಾಳಿ ಹೊರಗೆ ಬಿಟ್ಟು ಮಾತಾಡುವಷ್ಟು ಧಾರಾಳಿಗಳಲ್ಲ ನಾವು. ಉಸಿರು ಒಳಗೆ ಹೋದರೆ ಹೌದು, ಸುಮ್ಮನಿದ್ದರೆ ಇಲ್ಲ, ಅಷ್ಟರಲ್ಲೇ ಮದುವೆಯ ಮಾತುಕತೆಗಳೂ ಮುಗಿದುಹೋಗುತ್ತವೆ. ಹಿಂದೊಮ್ಮೆ ಜರ್ಮನಿಯಿಂದ ಬಂದ ಹೊಸ ವೈದ್ಯೆ ಮೊದಲ ವಾರದ ರೋಗಿಗಳನ್ನೆಲ್ಲ ನೋಡಿ, ಈ ದ್ವೀಪದವರಿಗೆಲ್ಲ ಉಬ್ಬಸ ಇದೆ ಎಂದು ತೀರ್ಮಾನಿಸಿಬಿಟ್ಟಿದ್ದಳು.

“ನಿಂಗೆ ಕಡಲ ವಾಂತಿನಾ?” ನಾನು ನಗು ನಿಲ್ಲಿಸಿದೆ. “ಎಂಥಾ ಗಾಳಿ ಇತ್ತೋ ನಿನ್ನೆ?”

“ಕಡಲಲ್ಲ ಗುನ್ವೋರ್,” ಎಂದ ಹಿಲ್ಮಾರ್. “ಆಟ.”

ಆ ಆಟದ ಕತೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಡಲಲ್ಲಿ ಹೊಟ್ಟೆ ಕೆಡದವರನ್ನು ನಾವು ಕಡಲಗಟ್ಟಿ ಎನ್ನುತ್ತೇವೆ. ಹಿಲ್ಮಾರ್ ಅಂಥವರಲ್ಲೂ ಅಂಥವನು. ಒಂದು ಸಲ ಬಿರುಗಾಳಿಯಲ್ಲಿ ಅವನ ದೋಣಿಯ ಯಂತ್ರ ಕೈಕೊಟ್ಟು, ರಕ್ಷಣಾ ಹಡಗಿನವರು ಎಳೆದು ತರಲು ಹೋದರು. ಬಚಾವು ಮಾಡಲು ಹೋದವರೆಲ್ಲ ಕಟಾಂಜನ ಹಿಡಿದು ಕಕ್ಕುತ್ತಿದ್ದರಂತೆ. ಇವನು ಮಾತ್ರ ಒಳಗೆ ಕೂತು, ಬೇಯಿಸಿದ ಮೀನಿಗೆ ಅದರ ಲಿವರಿನ ಎಣ್ಣೆ ಸುರಿದುಕೊಂಡು ಆಲೂಗಡ್ಡೆ ಕಿವುಚಿ ತಿನ್ನುತ್ತಿದ್ದನಂತೆ. ಇದನ್ನು ನಮ್ಮ ಪೆದರ್ ಇಂದಿಗೂ ಹೇಳುತ್ತಾನೆ. ಪೆದರ್ ಎಂದರೆ ನನ್ನ ಅಂಗಡಿಯ ಮೂಲೆಯ ಕಾಫಿ ಮೇಜಿಗೆ ಅಂಟಿಕೊಂಡಿರುವ ಮುದುಕ. ಕಡಲು ಬಿಟ್ಟು ಹತ್ತು ವರ್ಷವಾದರೂ ಬಾಯಿ ಮಾತ್ರ ನಿಂತಿಲ್ಲ.

ಗಟ್ಟಿ ಹೊಟ್ಟೆಯವನಿಗೆ ಬೇರೆಯವರ ಹೊಟ್ಟೆಯ ಮೇಲೆ ಕರುಣೆ ಇರುವುದಿಲ್ಲ. ಹಿಲ್ಮಾರನ ದೋಣಿಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ, ಏಡಿಗಳಿಗೆ ಊಟ ಹಾಕಿ ಬಂದೆಯಾ ಎಂದು ನಕ್ಕು, ಕೈಗೆ ಚಾಕು ಕೊಟ್ಟು ಮೀನು ಸೀಳಲು ಕೂರಿಸುತ್ತಿದ್ದ. “ಅದೆಲ್ಲ ತಲೇಲಿರೋದು, ಹೊಟ್ಟೇಲಲ್ಲ,” ಎನ್ನುವುದು ಅವನ ವೈದ್ಯಶಾಸ್ತ್ರ.

ಇಂಥವನ ಹೊಟ್ಟೆಯಲ್ಲಿ ಮಗಳು ಸುನ್ನಿವಾ ಹುಟ್ಟಿದಳು. ದಡ ಬಿಡುವ ಮೊದಲೇ, ಹಡಗಿನ ಯಂತ್ರದ ವಾಸನೆ ಬಂದರೆ ಸಾಕು, ಆ ಮಗುವಿನ ತುಟಿ ಬೆಳ್ಳಗಾಗುತ್ತಿತ್ತು. ದ್ವೀಪದಲ್ಲಿ ಹುಟ್ಟಿ ಹಾಗಾದರೆ ಹಲ್ಲು ನೋವಿಗೂ ಹಡಗು ಹತ್ತಬೇಕು, ಅಜ್ಜಿಯ ಮನೆಗೂ ಹಡಗು ಹತ್ತಬೇಕು. ಹಿಲ್ಮಾರ್ ಅವಳನ್ನು ಒಳಗೆ ಮಲಗಲು ಬಿಡುತ್ತಿರಲಿಲ್ಲ. ಡೆಕ್ಕಿನ ಮೇಲೆ ನಿಲ್ಲಿಸಿ, ಕಡಲು ಆಕಾಶ ಕೂಡುವ ಗೆರೆ ನೋಡು ಎಂದು, ದಾರಿಯಲ್ಲಿ ಸಿಗುವ ಬಂಡೆಗಳ ಹೆಸರು ಒಂದೊಂದಾಗಿ ಹೇಳಿಸುತ್ತಿದ್ದ. ಅವಳು ಕಕ್ಕುತ್ತಾ ಹೇಳುತ್ತಿದ್ದಳು. ಒಂದು ಸಲ ಹಡಗು ನಿಲ್ಲುವ ದಕ್ಕೆಯಲ್ಲಿ ನಾನೇ ನೋಡಿದೆ. ಕೈಗವಸಿನಿಂದ ಬಾಯಿ ಒರೆಸಿಕೊಂಡು, “ಅಪ್ಪಾ, ಎಲ್ಲಾ ಹೇಳ್ದೆ, ಒಂದೂ ಬಿಡ್ಲಿಲ್ಲ,” ಎಂದಳು. “ಹೇಳ್ದೆ ಸರಿ, ಆದ್ರೆ ಕಕ್ಕಿದೆಯಲ್ಲ,” ಎಂದ ಇವನು. ನನಗೆ ಅಲ್ಲಿದ್ದ ಹಗ್ಗದಲ್ಲೇ ಅವನಿಗೆ ನಾಲ್ಕು ಬಿಗಿಯೋಣ ಎನ್ನಿಸಿತ್ತು. ಅವನು ಕೆಟ್ಟವನಲ್ಲ. ಮಗಳನ್ನು ಗಟ್ಟಿ ಮಾಡುತ್ತಿದ್ದೇನೆ ಎಂದು ಮನಸಾರೆ ನಂಬಿದ್ದ. ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಹೆಂಡತಿ ಮೆರೆಟೆ ಬಿಟ್ಟುಹೋದಾಗ ಸುನ್ನಿವಾಳಿಗೆ ಇನ್ನೂ ಹಾಲುಹಲ್ಲು. ತಾಯಿ ಮಗಳು ಬೋಡೋ ಪಟ್ಟಣದಲ್ಲಿ ಮನೆ ಮಾಡಿದರು. ಮೊದಮೊದಲು ರಜೆಗೆ ಬರುತ್ತಿದ್ದಳು. ಬೋಡೋದಿಂದ ಇಲ್ಲಿಗೆ ವೇಗದ ಹಡಗು ಬೆಳಿಗ್ಗೆ ಬಿಟ್ಟರೆ ಊಟದ ಹೊತ್ತಿಗೆ ಬಂದು ಮುಟ್ಟುತ್ತದೆ. ಅಷ್ಟು ಹೊತ್ತೂ ಆ ಹುಡುಗಿಗೆ ನರಕ. ಕೊನೆಯ ಸಲ ಬಂದವಳು ಹಡಗಿನಿಂದ ಇಳಿದು ನೇರ ನನ್ನ ಅಂಗಡಿಯ ಹಿಂದಿನ ಕೋಣೆಗೆ ಬಂದು, ಹಿಟ್ಟಿನ ಚೀಲಗಳ ಪಕ್ಕ ನೆಲದ ಮೇಲೆ ಮಲಗಿಬಿಟ್ಟಳು. ಆಮೇಲೆ ಬರಲಿಲ್ಲ. ಹಿಲ್ಮಾರನೇ ಆಗೀಗ ಹೋಗಿ ಬರುತ್ತಿದ್ದ. ಕಾಫಿ ಅಂಗಡಿಯಲ್ಲಿ ಇಬ್ಬರೂ ತಮ್ಮ ತಮ್ಮ ಲೋಟ ನೋಡುತ್ತಾ ಕೂತು ಬರುತ್ತಿದ್ದರಂತೆ. ಫೋನಿನಲ್ಲೂ ಅಷ್ಟೇ. ಚೆನ್ನಾಗಿದೀಯಾ, ಚೆನ್ನಾಗಿದೀನಿ, ಅಲ್ಲಿ ಗಾಳಿ ಹೇಗಿದೆ, ಇಲ್ಲೂ ಗಾಳಿ. ಹವಾಮಾನ ಮುಗಿದರೆ ಅಪ್ಪ ಮಗಳ ನಡುವಿನ ಮಾತೂ ಮುಗಿಯಿತು.

ಅವಳಿಗೆ ಹದಿನಾಲ್ಕು ತುಂಬಿದ ಚಳಿಗಾಲ, ಅವಳೇ ಒಂದು ದಾರಿ ಹೇಳಿದಳು. “ಅಪ್ಪ, ಫೋನಲ್ಲಿ ನಂಗೆ ಮಾತೇ ಬರಲ್ಲ. ಆಟಕ್ಕೆ ಬಾ. ಅಲ್ಲಾದ್ರೆ ಏನಾದ್ರೂ ಮಾಡ್ತಾ ಮಾತಾಡ್ಬೋದು.”

ಹಿಲ್ಮಾರ್ ಆಟದ ಯಂತ್ರವನ್ನು ನನ್ನ ಅಂಗಡಿಯ ಮೂಲಕವೇ ತರಿಸಿದ. ಅದನ್ನು ಜೋಡಿಸಿಕೊಟ್ಟವಳೂ ನಾನೇ. ತಂತಿ ಸಿಕ್ಕಿಸಿ, ಅವನ ದೊಡ್ಡ ತಲೆಗೆ ಮೈಕು ಇರುವ ಕಿವಿಗವಸು ಏರಿಸಿ, ಕೈಗೆ ಗುಂಡಿಗಳ ಹಿಡಿಕೆ ಕೊಟ್ಟು ಕೂರಿಸಿದೆ. ಆಟ ಎಂದರೆ ಅಂಥದ್ದೇನಲ್ಲ. ಒಂದು ಸುಳ್ಳು ದ್ವೀಪ, ಸುಳ್ಳು ಕಾಡು. ಮರ ಕಡಿಯಬೇಕು, ಕಲ್ಲು ಅಗೆಯಬೇಕು, ಮನೆ ಕಟ್ಟಬೇಕು. ಆಡುವವನಿಗೆ ತನ್ನ ಮೈ ಅದರಲ್ಲಿ ಕಾಣುವುದಿಲ್ಲ, ಅವನ ಕಣ್ಣಿಗೆ ಕಂಡದ್ದಷ್ಟೇ ಪರದೆಯ ಮೇಲೆ. ಆ ದ್ವೀಪ ಸುನ್ನಿವಾಳದು. ಅವಳು ಕರೆದವರಿಗಷ್ಟೇ ಅಲ್ಲಿಗೆ ಪ್ರವೇಶ.

“ಅಪ್ಪಾ, ಹಿಂದೆ ನೋಡು! ಆ ಕಡೆ ಅಲ್ಲಪ್ಪ! ಅಯ್ಯೋ, ಬಂಡೆಗೆ ಹೋಗಿ ಗುದ್ದಿದೆಯಲ್ಲ!” ಕಿವಿಗವಸಿನಿಂದ ಸೋರಿ ಬಂದ ಆ ದನಿ ನನಗೂ ಕೇಳಿಸಿತು. ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಹಿಲ್ಮಾರನ ಮುಖ ಕೆಂಪಗೆ ಅರಳಿತ್ತು. ಮಗಳು ತನ್ನನ್ನು ನೋಡಿ ನಗುವುದನ್ನು ಅವನು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ. ಆಮೇಲೆ ಅದೇ ಮುಖ ನೋಡನೋಡುತ್ತ ಬೂದಿಯ ಬಣ್ಣಕ್ಕೆ ತಿರುಗಿತು, ಹಣೆಯಲ್ಲಿ ಬೆವರು ಕಟ್ಟಿತು. ಕಾಫಿ ತರ್ತೀನಿ ಎಂದು ಎದ್ದವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಮೊದಲ ಸಲ ಅಲ್ಲವೇ, ಖುಷಿಗೆ ಹಾಗಾಗಿರಬೇಕು ಎಂದುಕೊಂಡು ನಾನು ಮನೆಗೆ ಬಂದೆ.

ಖುಷಿಗಲ್ಲ ಎಂಬುದು ಆ ಮಾತ್ರೆ ಕೇಳಿದ ದಿನ ತಿಳಿಯಿತು. ಪ್ರತಿ ಸಲವೂ ಹಾಗೇ ಆಗುತ್ತಿತ್ತಂತೆ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಕಾಲು ಕೂತಿದ್ದೇನೆ ಅನ್ನುತ್ತದೆ. ಇವೆರಡರ ಜಗಳದಲ್ಲಿ ಹೊಟ್ಟೆ ಏಟು ತಿನ್ನುತ್ತದೆ. ಮಗಳು ಸರ್ರನೆ ತಿರುಗಿ ಓಡುತ್ತಾಳೆ, ಇವನು ಅವಳ ಹಿಂದೆ ತಿರುಗಬೇಕು. ತಿರುಗಿದಾಗೆಲ್ಲ ಇವನ ಮೈ, ಇನ್ನೇನು ನೆಲ ಏಳುತ್ತದೆ ಎಂದು ಕಾಯುತ್ತದೆ. ಜೀವಮಾನವೆಲ್ಲ ದೋಣಿಯ ಮೇಲೆ ಕಳೆದ ಮೈ. ನೆಲ ಏಳುವುದಿಲ್ಲ. ಆಗ ಓಕರಿಕೆ ಶುರು.

“ಅವಳಿಗೆ ಹೇಳೋ,” ಎಂದೆ ನಾನು. “ಹಿಂಗಾಗ್ತಿದೆ ಅಂತ ಒಂದು ಮಾತು.”

“ಏನಂತ ಹೇಳ್ಲಿ? ಡೆಕ್ ಮೇಲೆ ನಿಲ್ಸಿ ಬಂಡೆ ಹೆಸರು ಹೇಳಿಸ್ತಿದ್ದವ್ನು ನಾನು. ಈಗ ಸೋಫಾ ಮೇಲೆ ಕೂತು ಕಕ್ತಿದೀನಿ ಅಂತ ಹೇಳ್ಲಾ?”

“ಹೌದು, ಹಾಗೇ ಹೇಳು. ನಗ್ತಾಳೆ, ಅಷ್ಟೆ.”

“ನಗಲ್ಲ,” ಎಂದ. “ನಕ್ರೆ ಹೇಳ್ತಿದ್ದೆ.”

ನಮ್ಮ ಗಂಡಸರ ಮಾನ ಇರುವುದು ಹೊಟ್ಟೆಯಲ್ಲಿ. ಅಲ್ಲಿಂದ ಏನೂ ಆಚೆ ಬರಬಾರದು, ಅನ್ನವೂ ಬರಬಾರದು, ಮಾತೂ ಬರಬಾರದು. ನಾನು ಮಾತ್ರೆ ಕೊಟ್ಟು ಕಳಿಸಿದೆ.

ಮಾತ್ರೆ ತಿಂದರೆ ತೂಕಡಿಕೆ ಬಂದು, ಆಟದ ತೋಳ ಬಂದು ಅವನನ್ನು ತಿಂದುಹಾಕುತ್ತಿತ್ತಂತೆ. ಶುಂಠಿ ಬಿಸ್ಕತ್ತು ತಿಂದು ನೋಡಿದ. ನಿಂತು ಆಡಿದ. ಕಿಟಕಿ ತೆರೆದು ಹಿಮದ ಗಾಳಿಗೆ ಮುಖವೊಡ್ಡಿ ಆಡಿದ. ಕಡಲಿನವರ ಹಳೆ ಮದ್ದಿನಂತೆ, ಆ ಸುಳ್ಳು ಕಡಲಿನ ಅಂಚನ್ನೇ ದಿಟ್ಟಿಸಿ ನೋಡಿದ. ಅದು ಇನ್ನೂ ಕೆಟ್ಟದಾಯಿತು, ಅವನ ಕೈ ನಡುಗಿದರೆ ಆ ಅಂಚೂ ನಡುಗುತ್ತದಲ್ಲ! ಕೊನೆಗೆ ಅವನಿಗೆ ಒಂದು ಮಹಾ ಉಪಾಯ ಹೊಳೆಯಿತು. ಮನೆಯ ನೆಲ ಅಲುಗಾಡದೇ ಇರುವುದೇ ತೊಂದರೆಯಾದರೆ, ಅಲುಗಾಡುವ ನೆಲಕ್ಕೇ ಆಟವನ್ನು ಒಯ್ದರಾಯಿತು.

ಒಂದು ಭಾನುವಾರ, ನೈಋತ್ಯದ ಅಲೆ ದಕ್ಕೆಗೆ ಬಡಿಯುತ್ತಿದ್ದಾಗ, ಅವನು ಪರದೆಯನ್ನೂ ಯಂತ್ರವನ್ನೂ ಮಳೆಯಂಗಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ದೋಣಿಗೆ ಹೋದ. ಅಂಗಡಿಯ ಕಿಟಕಿಯಿಂದ ನಾವೆಲ್ಲ ನೋಡುತ್ತಲೇ ಇದ್ದೆವು. ದೋಣಿಯ ಕೋಣೆಯಲ್ಲಿ ನೀಲಿ ಬೆಳಕು ಹತ್ತಿತು. ಪೆದರ್ ಎರಡನೇ ಲೋಟ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಹಿಲ್ಮಾರ್ ಹೊರಗೆ ಬಂದ, ಕಟಾಂಜನ ಹಿಡಿದ, ಬಾಗಿದ. ದಕ್ಕೆಗೆ ಮೂರು ಹಗ್ಗ ಬಿಗಿದು ಕಟ್ಟಿದ ದೋಣಿಯ ಮೇಲೆ!

“ಏಡಿಗಳೇ ಬನ್ರೋ, ಊಟ ಬಂತು!” ಪೆದರ್ ಮೇಜು ಗುದ್ದಿ ಕೂಗಿದ. “ದೇವರೇ, ಇದನ್ನ ನೋಡೋಕೇ ಅಂತ ನನ್ನನ್ನ ಇಷ್ಟು ದಿನ ಬದುಕಿಸಿದ್ಯಾ?”

ಮರುದಿನ ಹಿಲ್ಮಾರ್ ಅಂಗಡಿಗೆ ಬಂದಾಗ, ಹಳಸಿದ ಮೀನು ತಿಂದಿದ್ದೆ ಎಂದ. “ಮೀನುಗಾರ ಆಗಿ ಹಳಸಿದ ಮೀನು ತಿಂದ್ಯಾ? ಅದಕ್ಕಿಂತ ವಾಂತಿ ಅಂತ ಒಪ್ಕೊಳ್ಳೋದೇ ಮರ್ಯಾದೆ ಕಣೋ,” ಎಂದ ಪೆದರ್. ಎಲ್ಲರೂ ನಕ್ಕರು. ಹಿಲ್ಮಾರನೂ ಹಲ್ಲು ಕಿರಿದ. ನಾನು ಗಲ್ಲಾದ ಹಿಂದಿನಿಂದ ನೋಡುತ್ತಿದ್ದೆ, ಅವನು ಬಹಳ ಇಳಿದುಹೋಗಿದ್ದ. ಮಗಳ ಜೊತೆ ಆಡುವ ದಿನ ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದನಂತೆ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಸದ್ದಾದರೂ ಕಡಿಮೆ ಎಂದು.

ಇಷ್ಟಾದರೂ ಅವನು ಆಟ ಬಿಡಲಿಲ್ಲ. ಕಾಲಬುಡದಲ್ಲಿ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದ. ತಡೆಯಲಾಗದಾಗ ಮೈಕಿನ ಗುಂಡಿ ಒತ್ತಿ ಸದ್ದು ಅಡಗಿಸಿ, ಕಕ್ಕಿ, ಬಾಯಿ ಒರೆಸಿಕೊಂಡು ಮತ್ತೆ ಬರುತ್ತಿದ್ದ. ಆ ಕಡೆ ಮಗಳಿಗೆ ಕಾಣುತ್ತಿದ್ದದ್ದು ಇಷ್ಟೇ: ಮಾತಿನ ನಡುವೆ ಅಪ್ಪ ಕಲ್ಲಿನ ಹಾಗೆ ನಿಂತುಬಿಡುತ್ತಾನೆ, ಕರೆದರೆ ಓಗೊಡುವುದಿಲ್ಲ. “ಮತ್ತೆ ಎಲ್ಲಿ ಹೋದೆ ಅಪ್ಪ?” “ಇಲ್ಲೇ ಇದೀನಿ.” “ಇದೀಯಾ, ಆದ್ರೆ ಇಲ್ಲ,” ಎನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳುವಾಗ ಹಿಲ್ಮಾರನಿಗೆ ಅದು ಬರೀ ತಮಾಷೆಯ ಮಾತು. ಅವಳು ಹುಟ್ಟಿದಾಗಿನಿಂದ ಕಂಡ ಅಪ್ಪ ಇಂಥವನೇ ಎಂದು ನನಗೆ ಹೊಳೆಯಿತು. ಹುಟ್ಟುಹಬ್ಬದ ಕೇಕಿನ ನಡುವೆ ಎದ್ದು, ಗಾಳಿ ತಿರುಗಿತು ಎಂದು ದೋಣಿಗೆ ಹೋದವನು.

ಮಾರ್ಚ್ ತಿಂಗಳು. ಕಾಡ್ ಮೀನು ದಡದ ಹತ್ತಿರ ಬಂದು ಎಲ್ಲರಿಗೂ ಬಿಡುವಿಲ್ಲದ ಕಾಲ. ಆ ದಿನ ಹಿಲ್ಮಾರ್ ಮೀನು ಇಳಿಸಿ, ಮೈ ತೊಳೆದು, ಹೇಳಿದ ಹೊತ್ತಿಗೆ ಸರಿಯಾಗಿ ಪರದೆಯ ಮುಂದೆ ಕೂತಿದ್ದ. ಸುನ್ನಿವಾ ಅವನನ್ನು ಗಣಿಯೊಳಗೆ ಕರೆದುಕೊಂಡು ಹೋದಳು. ಕತ್ತಲೆ, ಪಂಜಿನ ಬೆಳಕು, ಮೇಲಕ್ಕೆ ಕೆಳಕ್ಕೆ ಸುತ್ತುವ ಮೆಟ್ಟಿಲು. ಅವಳು ಎಂದಿಗಿಂತ ಜೋರಾಗಿ ಓಡುತ್ತಿದ್ದಳು. ಎದೆಯಲ್ಲಿ ಏನಾದರೂ ಇದ್ದಾಗ ಅವಳು ಓಡುತ್ತಾಳೆ, ಚಿಕ್ಕವಳಿದ್ದಾಗಿನಿಂದಲೂ. ಇವನು ಬೆನ್ನಟ್ಟಿದ. ಹೊಟ್ಟೆ ಗಂಟಲಿಗೆ ಬಂದಿತ್ತು. ಅವಳು ಏನೋ ಹೇಳುತ್ತಿದ್ದಳು, ಅಮ್ಮ, ಡೆನ್ಮಾರ್ಕ್, ಅಮ್ಮನ ಗೆಳೆಯನಿಗೆ ಅಲ್ಲಿ ಕೆಲಸ, ಶಾಲೆಯ ಕೊನೆಯ ವರ್ಷ. ಇವನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದ. ಆಮೇಲೆ ಅವಳು ನಿಂತು, ಅವನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ಅದರಲ್ಲಿ ಅವನಿಗೆ ಕೇಳಿಸಿದ್ದು ‘ತೊಂದರೆ’ ಎಂಬ ಒಂದೇ ಮಾತು. ವಾಂತಿ ತಡೆಯಲು ಸುರ್ರೆಂದು ಉಸಿರು ಒಳಗೆಳೆದುಕೊಂಡ.

“ನಿಜವಾಗ್ಲೂ?” ಎಂದಳು ಮಗಳು.

ಅವನು ಮತ್ತೊಂದು ಸಲ ಉಸಿರು ಎಳೆದುಕೊಂಡ. ಮೈಕಿನ ಗುಂಡಿ ಕೈಗೆ ಸಿಗಲಿಲ್ಲ. ಕಿವಿಗವಸು ಕಿತ್ತೆಸೆದು ಬಕೆಟ್ಟಿಗೆ ಬಾಗಿದ. ಮತ್ತೆ ಬಂದು ನೋಡಿದರೆ ಗಣಿಯಲ್ಲಿ ಅವನೊಬ್ಬನೇ. ಅವಳನ್ನು ಅಮ್ಮ ಊಟಕ್ಕೆ ಕರೆದಿರಬೇಕು ಎಂದುಕೊಂಡ. ನಿನಗೇನಾದರೂ ತೊಂದರೆಯಾ ಎಂದು ಮಗಳು ವಿಚಾರಿಸಿದಳು, ಪಾಪ, ಅವಳಿಗೆ ಗೊತ್ತಾಗಿಬಿಟ್ಟಿದೆ ಎಂದು ನಾಚಿಕೊಂಡ. ಆ ನಾಚಿಕೆಗೇ ಫೋನು ಮಾಡಲಿಲ್ಲ. ಬೆಳಗಾದರೆ ಕಡಲಲ್ಲಿ ಮೀನು ತುಂಬಿತ್ತು. ಅವನು ಹೋದ. ಆ ವಾರವೆಲ್ಲ ಹೋಗುತ್ತಲೇ ಇದ್ದ.

ವಾರ ಕಳೆದ ಮೇಲೆ ಮೆರೆಟೆಯ ಫೋನು ಬಂತು. ಅವನು ನನ್ನ ಅಂಗಡಿಯಲ್ಲೇ ಇದ್ದ, ಕೈಯಲ್ಲಿ ಬೆಣ್ಣೆಯ ಪೊಟ್ಟಣ. ಮೆರೆಟೆಯದು ದೊಡ್ಡ ಗಂಟಲು, ಪಕ್ಕದಲ್ಲಿದ್ದ ನನಗೆ ಅರ್ಧಕ್ಕರ್ಧ ಕೇಳಿಸಿತು.

“ನೋಡು ಹಿಲ್ಮಾರ್, ಡೆನ್ಮಾರ್ಕಿನ ಶಾಲೆಗೆ ಬರೆದಿದೀವಿ, ಜೂನಲ್ಲಿ ಹೊರಡೋದು. ಅವಳಿಗೆ ಬರೋಕೆ ಇಷ್ಟ ಇರ್ಲಿಲ್ಲ. ಒಂದು ವರ್ಷ ಅಪ್ಪನ ಹತ್ರ ಇದ್ದು ಅಲ್ಲೇ ಶಾಲೆ ಮುಗಿಸ್ತೀನಿ ಅಂತ ಹಟ ಹಿಡಿದಿದ್ಳು. ಆ ಹಡಗು ಹತ್ತೋಕೂ ತಯಾರಾಗಿದ್ಳು, ಗೊತ್ತಾ? ನಾನು ಬಂದ್ರೆ ನಿಂಗೆ ತೊಂದರೆನಾ ಅಂತ ನಿನ್ನನ್ನ ಕೇಳಿದ್ಳಂತೆ. ಹೌದು ಅಂದ್ಯಂತೆ. ಎರಡು ಸಲ ಕೇಳಿದ್ಳಂತೆ, ಎರಡು ಸಲವೂ ಹೌದು ಅಂದ್ಯಂತೆ. ನಾನು ನಿನ್ನನ್ನ ಬೈಯೋಕೆ ಫೋನ್ ಮಾಡಿಲ್ಲ. ನೀನಿರೋದೇ ಹಾಗೆ. ತಿಳಿಸೋಣ ಅಂತ ಅಷ್ಟೆ.”

ಹಿಲ್ಮಾರ್ ಬೆಣ್ಣೆಯನ್ನು ಗಲ್ಲಾದ ಮೇಲಿಟ್ಟ. ಪೊಟ್ಟಣದ ಮೇಲೆ ಅವನ ಬೆರಳು ಮೂಡಿದ್ದವು. “ನಾನು ಹೌದು ಅನ್ಲಿಲ್ಲ,” ಎಂದ, ಫೋನಿಗಲ್ಲ, ಅದು ಆಗಲೇ ಕಡಿದಿತ್ತು. “ಗುನ್ವೋರ್, ನಾನು ಹೌದು ಅಂತ ಹೇಳೇ ಇಲ್ಲ. ನಂಗೆ ಓಕರಿಕೆ ಬಂದಿತ್ತು.”

ಮರುದಿನವೇ ಅವನು ಹಡಗು ಹತ್ತಿದ. ಮೀನಿನ ಕಾಲದಲ್ಲಿ ದೋಣಿ ಕಟ್ಟಿಹಾಕಿ ಅವನು ಊರು ಬಿಟ್ಟದ್ದು ಅದೇ ಮೊದಲು. ಪೆದರ್ ಕೂಡ ಬಾಯಿ ಮುಚ್ಚಿಕೊಂಡಿದ್ದ. ಸಂಜೆಯ ಹಡಗಿಗೆ ನಾನು ದಕ್ಕೆಗೆ ಹೋದೆ, ಸಾಮಾನು ಬರುವುದಿದೆ ಎಂಬ ನೆಪ ಮಾಡಿಕೊಂಡು. ಅವನು ಒಬ್ಬನೇ ಇಳಿದ. ಅಲ್ಲೇ ಮೀನಿನ ಪೆಟ್ಟಿಗೆಗಳ ಮೇಲೆ ಕೂತು ನಡೆದದ್ದನ್ನು ಹೇಳಿದ.

ಸುನ್ನಿವಾ ಶಾಲೆಯ ಹೊರಗೆ ಸಿಕ್ಕಳಂತೆ. ಇವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದನಂತೆ, ಬಕೆಟ್ಟು, ಮಾತ್ರೆ, ದೋಣಿ, ಎಲ್ಲ.

“ನಿಂಗೆ ವಾಂತಿನಾ?” ಎಂದಳಂತೆ ಮಗಳು. “ಆಟ ಆಡಿ?”

“ನಿನ್ನಾಣೆಗೂ.”

“ಅಪ್ಪ, ಅದೆಲ್ಲ ತಲೇಲಿರೋದು, ಹೊಟ್ಟೇಲಲ್ಲ.” ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. “ನಿಂಗೆ ಯಾವತ್ತೂ ಆಗಲ್ಲ. ಎಲ್ಲರಿಗೂ ಗೊತ್ತು. ಬೇಡ ಅನ್ನೋದಾದ್ರೆ ಬೇಡ ಅನ್ನು, ಕತೆ ಕಟ್ಬೇಡ.”

ಬಂದುಬಿಡು, ನಿನ್ನ ಕೋಣೆಗೆ ಬಣ್ಣ ಹೊಡೆಸುತ್ತೇನೆ ಎಂದನಂತೆ ಇವನು. ಅವಳು ಅವನ ಕೋಟಿನ ಗುಂಡಿ ಸರಿಮಾಡಿ, ಹಡಗು ತಪ್ಪಿಹೋಗುತ್ತೆ ಅಪ್ಪ, ಹೋಗು ಎಂದಳಂತೆ.

“ನೀನೊಂದು ಸಲ ಹೇಳು,” ಎಂದು ಹಿಲ್ಮಾರ್ ನನ್ನ ತೋಳು ಹಿಡಿದುಕೊಂಡ. “ನೀನು ಹೇಳಿದ್ರೆ ನಂಬ್ತಾಳೆ. ಮಾತ್ರೆ ಕೊಟ್ಟವಳು ನೀನೇ ಅಲ್ವಾ?” ಅವನು ಯಾರ ಬಳಿಯೂ ಏನನ್ನೂ ಕೇಳಿದವನಲ್ಲ.

ಅಂಗಡಿ ತೆರೆದು, ಅವನ ಎದುರೇ ಫೋನು ಮಾಡಿದೆ. ಅವನು ಐಸ್ ಪೆಟ್ಟಿಗೆಯ ಪಕ್ಕ ಟೋಪಿ ಹಿಂಡುತ್ತಾ ನಿಂತಿದ್ದ. ನಾನು ಸುನ್ನಿವಾಳಿಗೆ ಎಲ್ಲ ಹೇಳಿದೆ. ಮಾತ್ರೆ ಕೊಟ್ಟದ್ದು, ದಕ್ಕೆಯಲ್ಲಿ ಊರೆಲ್ಲ ನೋಡಿ ನಕ್ಕದ್ದು, ಊಟ ಬಿಟ್ಟು ಅವನು ಸೊರಗಿದ್ದು. ನನಗೆ ಸುಳ್ಳು ಹೇಳಿ ಗೊತ್ತಿಲ್ಲ, ಬೇಕಾದರೆ ಪೆದರನನ್ನು ಕೇಳು ಎಂದೆ.

“ನಂಬ್ತೀನಿ ಗುನ್ವೋರ್ ಅತ್ತೆ,” ಎಂದಳು ಕೊನೆಗೆ. “ನೀವು ಹೇಳಿದ್ಮೇಲೆ ನಿಜಾನೇ ಇರುತ್ತೆ. ಪಾಪ ಅಪ್ಪ.”

“ಹಂಗಾದ್ರೆ ಬಾ ಮಗಾ. ಇನ್ನೂ ಕಾಲ ಮಿಂಚಿಲ್ಲ. ಶಾಲೆಯವರ ಹತ್ರ ನಾನೇ ಮಾತಾಡ್ತೀನಿ.”

“ಅದಲ್ಲ ಅತ್ತೆ. ಅವನು ಹೌದು, ತೊಂದರೆ ಅಂದ ಅಂತ ನಂಗೆ ಅನ್ಸಿತಲ್ಲ, ಆಗ ನಂಗೆ ಆಶ್ಚರ್ಯಾನೇ ಆಗ್ಲಿಲ್ಲ. ಬೇಜಾರಾಯ್ತು, ಆದ್ರೆ ಆಶ್ಚರ್ಯ ಆಗ್ಲಿಲ್ಲ. ಅಂಥಾ ಮನೇಲಿ ನಾನು ಹೆಂಗೆ ಬಂದು ಇರ್ಲಿ, ಹೇಳಿ?”

ನಾನು ಫೋನು ಕೆಳಗಿಟ್ಟೆ.

“ಏನಂದ್ಲು?” ಹಿಲ್ಮಾರ್ ಕೇಳಿದ.

ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಏನಾದರೂ ಹಾರಿಸಿ ಹೇಳಬಾರದಿತ್ತೇ ಎಂದು ಪೆದರ್ ಆಮೇಲೆ ನನ್ನನ್ನು ಬೈದ. ಹಾರಿಸಿ ಹೇಳಿದ್ದರೆ ಅವನು ಇನ್ನೂ ಹತ್ತು ಸಲ ಹಡಗು ಹತ್ತುತ್ತಿದ್ದ, ಹತ್ತು ಸಲ ಒಬ್ಬನೇ ಇಳಿಯುತ್ತಿದ್ದ. ಅವನು ಕೇಳಿಸಿಕೊಂಡು, ತಲೆಯಾಡಿಸಿ, ಟೋಪಿ ಹಾಕಿಕೊಂಡು ಮನೆಗೆ ಹೋದ. ಬೆಳಿಗ್ಗೆ ಕಡಲಿಗೆ ಹೋದ. ಮೀನು ಚೆನ್ನಾಗಿ ಬಿತ್ತು.

ಜೂನಿನಲ್ಲಿ ಅವರು ಡೆನ್ಮಾರ್ಕಿಗೆ ಹೋದರು. ಹಿಲ್ಮಾರ್ ಬೋಡೋಗೆ ಹೋಗಿ ಪೆಟ್ಟಿಗೆಗಳನ್ನು ಲಾರಿಗೆ ಏರಿಸಿಕೊಟ್ಟು ಬಂದ. ಜಗಳವೇನಿಲ್ಲ. ಸುನ್ನಿವಾ ಅವನನ್ನು ಅಪ್ಪಿಕೊಂಡಳಂತೆ. ಈಗ ಆಗಾಗ ಫೋನು ಮಾಡುತ್ತಾಳೆ. ಚೆನ್ನಾಗಿದೀಯಾ, ಚೆನ್ನಾಗಿದೀನಿ, ಇಲ್ಲಿ ಮಳೆ, ಅಲ್ಲಿ? ಹೊಸ ಶಾಲೆಯ ಗೆಳತಿಯರು ಬೇರೆ ಯಾವುದೋ ಆಟ ಆಡುತ್ತಾರಂತೆ. ಅದು ಇದಕ್ಕಿಂತ ಜೋರಂತೆ, ನಿನಗೆ ಆಗಿಬರಲ್ಲ ಅಪ್ಪ ಎಂದಳಂತೆ, ಕಾಳಜಿಯಿಂದಲೇ.

ಮೊನ್ನೆ ಅಂಗಡಿ ಮುಚ್ಚಿ, ಅವನು ಮರೆತುಹೋಗಿದ್ದ ಆಲೂಗಡ್ಡೆಯ ಚೀಲ ಕೊಡಲು ಅವನ ಮನೆಗೆ ಹೋದೆ. ಪರದೆಯ ಮುಂದೆ ಕೂತಿದ್ದ. ಹಳೆಯ ಆಟವೇ. ಪರದೆಯಲ್ಲಿ ಒಂದು ಮರಳ ದಡ, ಹಿಂದೆ ಕಾಡು. ಏನೂ ಅಲುಗುತ್ತಿರಲಿಲ್ಲ. ಕಾಲಬುಡದಲ್ಲಿ ಬಕೆಟ್ಟೂ ಇರಲಿಲ್ಲ.

“ಆಡ್ತಿದೀಯಾ?” ಎಂದೆ.

“ಇಲ್ಲ, ನಿಂತಿದೀನಿ. ತಿರುಗದೆ ನಿಂತ್ರೆ ಏನೂ ಆಗಲ್ಲ. ಹೊಟ್ಟೆ ಸುಮ್ನಿರುತ್ತೆ.”

“ಎಲ್ಲಿದು?”

“ಈ ಆಟಕ್ಕೆ ಯಾರೇ ಬಂದ್ರೂ ಮೊದಲು ಇಳಿಯೋ ಜಾಗ. ಬಂದ ತಕ್ಷಣ ಕಾಣ್ಲಿ ಅಂತ ಇಲ್ಲಿ ನಿಂತಿದೀನಿ.”

ನಾನು ಚೀಲ ಕೆಳಗಿಟ್ಟೆ. “ಅವಳು ಬರ್ತಾಳಾ ಹಿಲ್ಮಾರ್?”

“ಇಲ್ಲ,” ಎಂದ, ಪರದೆಯಿಂದ ಕಣ್ಣು ತೆಗೆಯದೆ.